ಎರಡು ವಸ್ತುಗಳ ಎತ್ತರ ಯಾವಾಗ ಒಂದೇ ಆಗುತ್ತದೆ? ಕೋಷ್ಟಕ ಹಾಕಿ ಕಂಡುಹಿಡಿಯುವ ಬಗೆ

ಒಂದು ಡ್ರೋನ್ ನೆಲದಿಂದ 24 ಮೀಟರ್ ಮೇಲಿದೆ. ಸೆಕೆಂಡಿಗೆ 3 ಮೀಟರ್‌ನಂತೆ ನೇರವಾಗಿ ಕೆಳಗಿಳಿಯಲು ಶುರು ಮಾಡುತ್ತದೆ. ಅದೇ ಕ್ಷಣಕ್ಕೆ ಪಕ್ಕದಲ್ಲಿ ನಿಂತವರೊಬ್ಬರು ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆಯುತ್ತಾರೆ. ಕೈ ಬಿಟ್ಟಾಗ ಚೆಂಡು ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ, ಅದರ ವೇಗ ಸೆಕೆಂಡಿಗೆ 20 ಮೀಟರ್. ಚೆಂಡೂ ಡ್ರೋನೂ ಒಂದೇ ಎತ್ತರದಲ್ಲಿ ಇರುವುದು ಯಾವಾಗ? ಎಷ್ಟು ಸಲ?

ಹತ್ತನೇ ತರಗತಿಯ ವರ್ಗ ಸಮೀಕರಣ ನೆನಪಿದ್ದವರು ಸೂತ್ರ ಹಾಕಿ ಎರಡು ನಿಮಿಷದಲ್ಲಿ ಉತ್ತರ ತೆಗೆಯಬಹುದು. ತೆಗೆಯಲಿ, ತಪ್ಪೇನಿಲ್ಲ. ಆದರೆ ಸೂತ್ರ ಎರಡು ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ಮೊದಲು ಯಾವುದು ಮೇಲಿತ್ತು, ಯಾವಾಗ ಹಿಂದೆ ಬಿತ್ತು, ಎಷ್ಟು ಅಂತರದಲ್ಲಿ ಅನ್ನುವುದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ತೋರಿಸುವುದು ಕೋಷ್ಟಕ. ಇನ್ನೊಂದು ವಿಷಯ. ಡ್ರೋನ್ ಅರ್ಧ ದಾರಿಯಲ್ಲಿ ನಿಂತು ಮತ್ತೆ ಹೊರಟಿತು ಅಂದುಕೊಳ್ಳಿ. ಒಂದೇ ಸಮೀಕರಣಕ್ಕೆ ಅದು ಒಗ್ಗುವುದಿಲ್ಲ. ಕೋಷ್ಟಕಕ್ಕೆ ಅದರಿಂದ ಏನೂ ತೊಂದರೆಯಿಲ್ಲ.

## ಸೊನ್ನೆ ಎಲ್ಲಿ, ಅಳತೆ ಯಾವುದು

ಲೆಕ್ಕ ಶುರು ಮಾಡುವ ಮೊದಲು ಎರಡು ಸೊನ್ನೆಗಳನ್ನು ನಿಗದಿ ಮಾಡಿಕೊಳ್ಳಿ: ಸಮಯದ ಸೊನ್ನೆ, ಎತ್ತರದ ಸೊನ್ನೆ. ಎರಡೂ ವಸ್ತುಗಳಿಗೆ ಅವೇ ಇರಬೇಕು. ಹೇಳಲು ಸುಲಭ, ಆದರೆ ಹೆಚ್ಚಿನ ಲೆಕ್ಕಗಳು ಹಾಳಾಗುವುದು ಇಲ್ಲೇ.

ಡ್ರೋನ್‌ನದ್ದೇ ಉದಾಹರಣೆ ನೋಡಿ. ಸಾಮಾನ್ಯವಾಗಿ ಡ್ರೋನ್‌ನ ಆಪ್ ತೋರಿಸುವ ಎತ್ತರ ಅದು ಹಾರಿದ ಜಾಗದಿಂದ ಅಳೆದದ್ದು. ಮನೆಯ ತಾರಸಿಯಿಂದ ಹಾರಿಸಿದ್ದೀರಿ, ತಾರಸಿ ನೆಲದಿಂದ 6 ಮೀಟರ್ ಇದೆ ಅಂದರೆ, ಪರದೆಯ ಮೇಲೆ 18 ಕಂಡಾಗ ನೆಲದಿಂದ ನಿಜವಾದ ಎತ್ತರ 24. ಚೆಂಡನ್ನು ಅಂಗಳದಲ್ಲಿ ನಿಂತು ಎಸೆದವರ ಸೊನ್ನೆ ಬೇರೆ, ಡ್ರೋನ್‌ನ ಸೊನ್ನೆ ಬೇರೆ ಆದರೆ ಮುಂದಿನದೆಲ್ಲ ವ್ಯರ್ಥ.

ಅಳತೆಯೂ ಒಂದೇ ಇರಲಿ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಕೊಟ್ಟಿದ್ದರೆ 3.6ರಿಂದ ಭಾಗಿಸಿ, ಸೆಕೆಂಡಿಗೆ ಮೀಟರ್ ಸಿಗುತ್ತದೆ. ಅಡಿಯಲ್ಲಿದ್ದರೆ 0.3048ರಿಂದ ಗುಣಿಸಿ. ನಮ್ಮ ಚೆಂಡಿನ 20 ಮೀಟರ್ ಅಂದರೆ ಗಂಟೆಗೆ 72 ಕಿಲೋಮೀಟರ್. ಒಳ್ಳೆ ತೋಳಿನವರ ಎಸೆತವೇ ಸರಿ.

## ಎರಡು ಫಂಕ್ಷನ್ ಬರೆಯುವುದು

ಸಮಯವನ್ನು ಕೊಟ್ಟರೆ ಎತ್ತರವನ್ನು ಹೇಳುವ ನಿಯಮವೇ ಇಲ್ಲಿ ಫಂಕ್ಷನ್. ಸೆಕೆಂಡಿನಲ್ಲಿ ಸಮಯವನ್ನು ‘ಸ’ ಎಂದು ಕರೆಯೋಣ.

ಡ್ರೋನ್ ಒಂದೇ ವೇಗದಲ್ಲಿ ಇಳಿಯುತ್ತಿದೆ:

ಡ್ರೋನ್ ಎತ್ತರ = 24 − 3ಸ

ಚೆಂಡಿನದ್ದು ಮೂರು ಭಾಗ. ಎಲ್ಲಿಂದ ಹೊರಟಿತು, ಎಷ್ಟು ವೇಗದಲ್ಲಿ ಏರಿತು, ಗುರುತ್ವ ಎಷ್ಟು ಕೆಳಗೆ ಎಳೆಯಿತು:

ಚೆಂಡಿನ ಎತ್ತರ = 1.5 + 20ಸ − 4.9ಸ²

ಗುರುತ್ವ ವೇಗೋತ್ಕರ್ಷ 9.8ರ ಅರ್ಧ 4.9. ಬೆಂಗಳೂರಿನಲ್ಲಿ ಅದು ಸುಮಾರು 9.78 ಇದೆ, ನಮ್ಮ ಲೆಕ್ಕಕ್ಕೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಗಾಳಿಯ ತಡೆಯನ್ನು ಇಲ್ಲಿ ಬಿಟ್ಟಿದ್ದೇನೆ. ಕ್ರಿಕೆಟ್ ಚೆಂಡಿನಂಥ ಭಾರದ ಚೆಂಡಿಗೆ ಇದು ಪರವಾಗಿಲ್ಲ, ಹಗುರ ಪ್ಲಾಸ್ಟಿಕ್ ಚೆಂಡಿಗೆ ಉತ್ತರ ಚೆನ್ನಾಗಿಯೇ ತಪ್ಪುತ್ತದೆ.

## ಮೊದಲ ಕೋಷ್ಟಕ, ಮತ್ತು ಮೂರನೇ ಕಾಲಂ

ಒಂದೊಂದು ಸೆಕೆಂಡಿಗೆ ಎರಡೂ ಎತ್ತರಗಳನ್ನು ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಚೆಂಡಿನ ಎತ್ತರದಿಂದ ಡ್ರೋನ್ ಎತ್ತರ ಕಳೆದರೆ ಬರುವ ವ್ಯತ್ಯಾಸ.

| ಸಮಯ | ಚೆಂಡು | ಡ್ರೋನ್ | ವ್ಯತ್ಯಾಸ |
|---|---|---|---|
| 0 | 1.5 | 24 | −22.5 |
| 1 | 16.6 | 21 | −4.4 |
| 2 | 21.9 | 18 | 3.9 |
| 3 | 17.4 | 15 | 2.4 |
| 4 | 3.1 | 12 | −8.9 |

ಚೆಂಡಿನ ಕಾಲಂ ಮತ್ತು ಡ್ರೋನ್ ಕಾಲಂ ನೋಡಿ, ಒಂದೇ ಸಂಖ್ಯೆ ಎರಡರಲ್ಲೂ ಇರುವ ಸಾಲು ಹುಡುಕಿ. ಸಿಗುವುದಿಲ್ಲ. ಶಾಲೆಯ ಪುಸ್ತಕದ ಲೆಕ್ಕಗಳಲ್ಲಿ ಸಂಖ್ಯೆಗಳನ್ನು ಜೋಡಿಸಿಟ್ಟಿರುವುದರಿಂದ ಎಲ್ಲೋ ಒಂದು ಸಾಲಿನಲ್ಲಿ ಎರಡೂ ಪಕ್ಕಾ ಸಮ ಆಗಿಬಿಡುತ್ತವೆ. ಆ ಅಭ್ಯಾಸದಿಂದ ಹಲವರು ಇಲ್ಲಿಗೆ ಬಂದು ‘ಎತ್ತರ ಸಮ ಆಗುವುದೇ ಇಲ್ಲ’ ಎಂದು ಬರೆದು ಮುಗಿಸುತ್ತಾರೆ.

ನೋಡಬೇಕಾದದ್ದು ಕೊನೆಯ ಕಾಲಂನ ಚಿಹ್ನೆ. 1ನೇ ಸೆಕೆಂಡಿನಲ್ಲಿ ವ್ಯತ್ಯಾಸ ಋಣ, ಅಂದರೆ ಚೆಂಡು ಡ್ರೋನ್‌ಗಿಂತ 4.4 ಮೀಟರ್ ಕೆಳಗೆ. 2ನೇ ಸೆಕೆಂಡಿನಲ್ಲಿ ಧನ, ಅಂದರೆ 3.9 ಮೀಟರ್ ಮೇಲೆ. ಚೆಂಡು ಒಂದು ಎತ್ತರದಿಂದ ಇನ್ನೊಂದಕ್ಕೆ ನೆಗೆದು ಮಾಯವಾಗಿ ಹೋಗುವುದಿಲ್ಲ, ನಡುವಿನ ಎಲ್ಲ ಎತ್ತರಗಳನ್ನೂ ದಾಟಿಯೇ ಹೋಗಬೇಕು. ಹಾಗಾಗಿ 1 ಮತ್ತು 2ರ ನಡುವೆ ಎಲ್ಲೋ ಒಂದು ಕಡೆ ವ್ಯತ್ಯಾಸ ಸೊನ್ನೆ ಆಗಿಯೇ ಇರುತ್ತದೆ. ಅದೇ ರೀತಿ 3 ಮತ್ತು 4ರ ನಡುವೆ ಧನದಿಂದ ಋಣಕ್ಕೆ ಬಂದಿದೆ. ಅಲ್ಲಿ ಎರಡನೇ ಸಲ ಸಮ.

ಯಾವುದರಿಂದ ಯಾವುದನ್ನು ಕಳೆಯುತ್ತೀರಿ ಅನ್ನುವುದು ನಿಮ್ಮಿಷ್ಟ. ಆದರೆ ಶುರುವಿನಿಂದ ಕೊನೆವರೆಗೂ ಒಂದೇ ಕ್ರಮ ಇರಲಿ. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂಬ ಚಿಕ್ಕಂದಿನ ಪಾಠ ಇಲ್ಲಿ ಬೇಡ. ಹಾಗೆ ಮಾಡಿದರೆ ಎಲ್ಲ ವ್ಯತ್ಯಾಸವೂ ಧನ ಆಗಿ ಇಡೀ ಕಾಲಂ ನಿಷ್ಪ್ರಯೋಜಕ ಆಗುತ್ತದೆ.

## ಕೂಡು-ಕಳೆ ತಪ್ಪಿದೆಯಾ ಎಂದು ನೋಡುವ ಉಪಾಯ

ಮುಂದೆ ಹೋಗುವ ಮೊದಲು ಕೋಷ್ಟಕವನ್ನೇ ಒಮ್ಮೆ ಪರೀಕ್ಷಿಸಿ. ವ್ಯತ್ಯಾಸದ ಕಾಲಂನಲ್ಲಿ ಪಕ್ಕಪಕ್ಕದ ಸಂಖ್ಯೆಗಳನ್ನು ಕಳೆಯಿರಿ. −22.5ರಿಂದ −4.4ಕ್ಕೆ 18.1 ಏರಿಕೆ. ಆಮೇಲೆ 8.3, ಆಮೇಲೆ −1.5, ಆಮೇಲೆ −11.3. ಈ ನಾಲ್ಕನ್ನು ಮತ್ತೆ ಒಂದರಿಂದ ಒಂದು ಕಳೆಯಿರಿ: −9.8, −9.8, −9.8.

ಗುರುತ್ವ ಅಲ್ಲೇ ಕೂತಿದೆ, ಅಲ್ವಾ? ವರ್ಗ ಇರುವ ಫಂಕ್ಷನ್‌ಗೆ ಸಮ ಹೆಜ್ಜೆಯಲ್ಲಿ ಕೋಷ್ಟಕ ಹಾಕಿದರೆ ಎರಡನೇ ಸುತ್ತಿನ ವ್ಯತ್ಯಾಸ ಯಾವಾಗಲೂ ಒಂದೇ ಬರಬೇಕು. ಬೀಳುವ ವಸ್ತು ಸಮ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7ರ ಪ್ರಮಾಣದಲ್ಲಿರುತ್ತವೆ ಎಂದು ಗೆಲಿಲಿಯೊ ತೋರಿಸಿದ್ದೂ ಇದನ್ನೇ. ಆ ಬೆಸ ಸಂಖ್ಯೆಗಳ ನಡುವಿನ ಅಂತರ ಎಲ್ಲ ಕಡೆಯೂ 2. ನಿಮ್ಮ ಕೋಷ್ಟಕದಲ್ಲಿ ಒಂದು ಜಾಗದಲ್ಲಿ ಮಾತ್ರ −9.8 ಬದಲು ಬೇರೇನೋ ಬಂದರೆ ಅದರ ಆಸುಪಾಸಿನ ಸಾಲಿನಲ್ಲಿ ತಪ್ಪಿದೆ ಎಂದೇ ಅರ್ಥ. ಹೆಜ್ಜೆ ಅರ್ಧ ಸೆಕೆಂಡ್ ಇದ್ದರೆ ಈ ಸಂಖ್ಯೆ ನಾಲ್ಕನೇ ಒಂದು ಭಾಗ, ಅಂದರೆ −2.45 ಆಗುತ್ತದೆ.

## ಹತ್ತಿರ ಹೋಗುವುದು

1 ಮತ್ತು 2ರ ನಡುವೆ ಎಂದು ಗೊತ್ತಾಯಿತು. ಈಗ ಅಷ್ಟು ಜಾಗಕ್ಕೆ ಮಾತ್ರ 0.1 ಸೆಕೆಂಡಿನ ಹೆಜ್ಜೆ ಹಾಕಿ. ಇಡೀ ಕೋಷ್ಟಕವನ್ನು ಮತ್ತೆ ಬರೆಯುವ ಅಗತ್ಯವಿಲ್ಲ, 2.0ವರೆಗೆ ಹೋಗುವುದೂ ಬೇಡ. ಚಿಹ್ನೆ ಬದಲಾದ ಕೂಡಲೇ ನಿಲ್ಲಿಸಿ.

| ಸಮಯ | ಚೆಂಡು | ಡ್ರೋನ್ | ವ್ಯತ್ಯಾಸ |
|---|---|---|---|
| 1.1 | 17.571 | 20.7 | −3.129 |
| 1.2 | 18.444 | 20.4 | −1.956 |
| 1.3 | 19.219 | 20.1 | −0.881 |
| 1.4 | 19.896 | 19.8 | 0.096 |

1.3 ಮತ್ತು 1.4ರ ನಡುವೆ. 1.4ರಲ್ಲಿ ವ್ಯತ್ಯಾಸ ಹತ್ತು ಸೆಂಟಿಮೀಟರಿಗಿಂತ ಕಡಿಮೆ. ಬೇಕಾದರೆ 0.01ರ ಹೆಜ್ಜೆ ಹಾಕಬಹುದು: 1.38ರಲ್ಲಿ −0.092, 1.39ರಲ್ಲಿ 0.003. ಅಂದರೆ 1.39 ಸೆಕೆಂಡಿಗೆ ಎರಡೂ ಸುಮಾರು 19.83 ಮೀಟರ್ ಎತ್ತರದಲ್ಲಿವೆ.

ಮೂರನೇ ಸಲ ಕೋಷ್ಟಕ ಹಾಕಲು ಬೇಜಾರಾದರೆ ಒಂದು ಅಡ್ಡದಾರಿ ಇದೆ. 1.3ರಿಂದ 1.4ಕ್ಕೆ ವ್ಯತ್ಯಾಸ ಒಟ್ಟು 0.881 + 0.096 = 0.977 ಬದಲಾಗಿದೆ. ಸೊನ್ನೆ ಮುಟ್ಟಲು ಅದರಲ್ಲಿ 0.881 ಬೇಕು. 0.881 ÷ 0.977 ಅಂದರೆ ಸುಮಾರು 0.90. ಹಾಗಾಗಿ 0.1ರ ಹೆಜ್ಜೆಯಲ್ಲಿ 0.090ರಷ್ಟು ಮುಂದೆ: 1.390. ಒಂದೇ ಭಾಗಾಕಾರದಲ್ಲಿ ಮುಗಿಯಿತು.

ಇದು ಹಳೆಯ ಕಸುಬು. ಆರ್ಯಭಟ 499ರ ಸುಮಾರಿಗೆ ಜ್ಯಾ (ಅಂದರೆ ಈಗಿನ ಸೈನ್) ಕೋಷ್ಟಕವನ್ನು ಕೊಟ್ಟಾಗ ಪಕ್ಕಪಕ್ಕದ 24 ವ್ಯತ್ಯಾಸಗಳನ್ನೇ ಪಟ್ಟಿ ಮಾಡಿದ್ದ. ಎರಡು ಸಾಲುಗಳ ನಡುವಿನ ಬೆಲೆ ಬೇಕಾದಾಗ ಖಗೋಳ ಲೆಕ್ಕದವರು ಮಾಡುತ್ತಿದ್ದದ್ದು ಇಂಥದ್ದೇ ಭಾಗಾಕಾರ. 7ನೇ ಶತಮಾನದಲ್ಲಿ ಬ್ರಹ್ಮಗುಪ್ತ ಎರಡನೇ ಸುತ್ತಿನ ವ್ಯತ್ಯಾಸವನ್ನೂ ಸೇರಿಸಿ ಇನ್ನೂ ಸರಿಯಾದ ಬೆಲೆ ತೆಗೆಯುವ ಸೂತ್ರ ಕೊಟ್ಟ. ಏಕೆ ಬೇಕಾಯಿತು ಅನ್ನುವುದು ನಮ್ಮ ಕೋಷ್ಟಕದಲ್ಲೇ ಕಾಣುತ್ತದೆ. ಇದೇ ಭಾಗಾಕಾರವನ್ನು 1 ಮತ್ತು 2ರ ದೊಡ್ಡ ಹೆಜ್ಜೆಯ ಮೇಲೆ ಮಾಡಿದರೆ 4.4 ÷ 8.3 = 0.53, ಅಂದರೆ 1.53 ಸೆಕೆಂಡ್ ಬರುತ್ತದೆ. ನಿಜವಾದ ಉತ್ತರ 1.39. ವಕ್ರವಾಗಿ ಹೋಗುವ ದಾರಿಯನ್ನು ನೇರ ಎಂದು ಭಾವಿಸಿದ್ದರ ಫಲ. ಆದ್ದರಿಂದ ಒಮ್ಮೆಯಾದರೂ ಚಿಕ್ಕ ಹೆಜ್ಜೆ ಹಾಕಿ, ಆಮೇಲೆ ಭಾಗಿಸಿ.

ಎರಡನೇ ಸಲದ್ದನ್ನು ಬೇಗ ಮುಗಿಸೋಣ. 3.3ರಲ್ಲಿ ವ್ಯತ್ಯಾಸ 0.039, 3.4ರಲ್ಲಿ −0.944. ಭಾಗಾಕಾರ ಮಾಡಿದರೆ 3.304 ಸೆಕೆಂಡ್, ಎತ್ತರ ಸುಮಾರು 14.09 ಮೀಟರ್. ಮೊದಲ ಸಲ ಚೆಂಡು ಏರುತ್ತಿತ್ತು, ಈ ಸಲ ಬೀಳುತ್ತಿದೆ. ನಡುವಿನ ಸುಮಾರು 1.9 ಸೆಕೆಂಡ್ ಅದು ಡ್ರೋನ್‌ಗಿಂತ ಮೇಲಿತ್ತು. ಸೂತ್ರದಿಂದ ಬಿಡಿಸಿದರೂ 1.3897 ಮತ್ತು 3.3042 ಬರುತ್ತದೆ, ಹೋಲಿಸಿ ನೋಡಿ.

ಉತ್ತರ ಸಿಕ್ಕ ಮೇಲೆ ಆ ಸಮಯವನ್ನು ಎರಡೂ ಫಂಕ್ಷನ್‌ಗೆ ಹಾಕಿ ನೋಡುವುದನ್ನು ಬಿಡಬೇಡಿ. ಒಂದಕ್ಕೆ ಮಾತ್ರ ಹಾಕಿದರೆ ಏನೂ ಗೊತ್ತಾಗುವುದಿಲ್ಲ.

## ಚಿಹ್ನೆ ಬದಲಾಗದೇ ಹೋದರೆ

ಈ ವಿಧಾನದ ನಿಜವಾದ ದುರ್ಬಲ ಜಾಗ ಇದು. ಡ್ರೋನ್ 24ರ ಬದಲು 28.4 ಮೀಟರ್‌ನಿಂದ ಇಳಿಯಲು ಶುರು ಮಾಡಿತು ಎನ್ನೋಣ. ಉಳಿದದ್ದೆಲ್ಲ ಮೊದಲಿನಂತೆಯೇ. ಈಗ ಎಲ್ಲ ವ್ಯತ್ಯಾಸವೂ 4.4ರಷ್ಟು ಕಡಿಮೆ ಆಗುತ್ತದೆ. 2ನೇ ಸೆಕೆಂಡಿನಲ್ಲಿ −0.5, 3ರಲ್ಲಿ −2.0. ಮೊದಲಿಂದ ಕೊನೆವರೆಗೂ ಋಣ. ಅರ್ಧ ಸೆಕೆಂಡಿನ ಹೆಜ್ಜೆ ಹಾಕಿದರೂ 2.5ರಲ್ಲಿ −0.025. ಆಗಲೂ ಋಣವೇ.

ಹಾಗಾದರೆ ಚೆಂಡು ಡ್ರೋನ್‌ನ ಎತ್ತರ ಮುಟ್ಟಲೇ ಇಲ್ಲವೇ? 0.1ರ ಹೆಜ್ಜೆ ಹಾಕಿ:

| ಸಮಯ | ವ್ಯತ್ಯಾಸ |
|---|---|
| 2.2 | −0.016 |
| 2.3 | 0.079 |
| 2.4 | 0.076 |
| 2.5 | −0.025 |

ಮುಟ್ಟಿತು, ದಾಟಿತು, ಮತ್ತೆ ಕೆಳಗೂ ಬಂತು. ಇಷ್ಟೆಲ್ಲ ಆದದ್ದು ಸುಮಾರು 0.27 ಸೆಕೆಂಡಿನಲ್ಲಿ. ದೊಡ್ಡ ಹೆಜ್ಜೆಯ ಎರಡು ಸಾಲುಗಳ ನಡುವೆ ಎರಡು ದಾಟುವಿಕೆಗಳೂ ಅಡಗಿ ಕೂತಿದ್ದವು. ಚಿಹ್ನೆ ಬದಲಾದರೆ ಸಮ ಆಗಿದೆ ಎಂಬುದು ಖಚಿತ. ಬದಲಾಗದಿದ್ದರೆ ಸಮ ಆಗಿಲ್ಲ ಎಂದು ಹೇಳಲು ಬರುವುದಿಲ್ಲ.

ಅನುಮಾನ ಬರಬೇಕಾದ ಗುರುತು ಇದು: ವ್ಯತ್ಯಾಸ ಸೊನ್ನೆಯ ಕಡೆ ಬರುತ್ತಾ ಬರುತ್ತಾ, ಚಿಹ್ನೆ ಬದಲಾಯಿಸದೆ ವಾಪಸ್ ದೂರ ಹೋಗತೊಡಗುವುದು. ಅಂಥ ತಿರುವಿನ ಎರಡೂ ಬದಿ ಚಿಕ್ಕ ಹೆಜ್ಜೆ ಹಾಕಲೇಬೇಕು. ಡ್ರೋನ್ 29 ಮೀಟರ್‌ನಿಂದ ಇಳಿದಿದ್ದರೆ ಎಷ್ಟೇ ಚಿಕ್ಕ ಹೆಜ್ಜೆ ಹಾಕಿದರೂ ವ್ಯತ್ಯಾಸ −0.51ಕ್ಕಿಂತ ಮೇಲೆ ಬರುವುದಿಲ್ಲ. ಆಗ ಮಾತ್ರ ‘ಎತ್ತರ ಸಮ ಆಗುವುದಿಲ್ಲ’ ಎಂದು ಧೈರ್ಯವಾಗಿ ಬರೆಯಬಹುದು.

## ಕೋಷ್ಟಕ ಎಲ್ಲಿ ಶುರು, ಎಲ್ಲಿ ಕೊನೆ

ಮೊದಲ ಕೋಷ್ಟಕವನ್ನು 4ರಲ್ಲಿ ನಿಲ್ಲಿಸಿದ್ದಕ್ಕೆ ಕಾರಣ ಇದೆ. 4.5 ಹಾಕಿದರೆ ಚೆಂಡಿನ ಎತ್ತರ −7.725 ಬರುತ್ತದೆ. ಚೆಂಡು ನೆಲದೊಳಗೆ ಏಳು ಮೀಟರ್ ಇಳಿಯಿತೇ? ಇಲ್ಲ, ಅದು 4.16 ಸೆಕೆಂಡಿಗೇ ನೆಲಕ್ಕೆ ಬಿದ್ದಾಗಿತ್ತು. ಫಂಕ್ಷನ್‌ಗೆ ನೆಲ ಎಲ್ಲಿದೆ ಎಂದು ಗೊತ್ತಿಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು.

ಶುರುವಿನಲ್ಲೂ ಇಂಥದ್ದೇ ಮೋಸ ಆಗುತ್ತದೆ. ಜೋಗದ ರಾಜಾ ಧಾರೆ 253 ಮೀಟರ್ ಎತ್ತರದಿಂದ ಬೀಳುತ್ತದೆ. ಆ ಎತ್ತರದ ಅಂಚಿನಿಂದ ಒಂದು ಕಲ್ಲನ್ನು ಸುಮ್ನೆ ಕೈಬಿಟ್ಟರು, ಒಂದು ಸೆಕೆಂಡ್ ಬಿಟ್ಟು ಇನ್ನೊಂದನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಕೆಳಕ್ಕೆ ಎಸೆದರು ಎನ್ನಿ. (ಕಾಗದದ ಮೇಲೆ ಮಾತ್ರ. ಕೆಳಗೆ ಜನ ಇರುತ್ತಾರೆ.) ಎರಡನೆಯದು ಮೊದಲನೆಯದನ್ನು ಯಾವಾಗ ಹಿಡಿಯುತ್ತದೆ?

ಮೊದಲ ಕಲ್ಲು = 253 − 4.9ಸ²

ಎರಡನೇ ಕಲ್ಲು = 253 − 15(ಸ − 1) − 4.9(ಸ − 1)²

ಎರಡನೇ ಫಂಕ್ಷನ್‌ಗೆ ಸ = 0 ಹಾಕಿ ನೋಡಿ, 263.1 ಬರುತ್ತದೆ. ಇನ್ನೂ ಕೈಯಲ್ಲೇ ಇರುವ ಕಲ್ಲು ಅಂಚಿಗಿಂತ ಹತ್ತು ಮೀಟರ್ ಮೇಲೆ! ಎಸೆಯುವ ಮೊದಲು ಅದರ ಎತ್ತರ 253, ಅಷ್ಟೇ. ಈ ಸೂತ್ರ 1ನೇ ಸೆಕೆಂಡಿನಿಂದ ಆಚೆಗೆ ಮಾತ್ರ ಸಲ್ಲುತ್ತದೆ, ಹಾಗಾಗಿ ಕೋಷ್ಟಕವೂ ಅಲ್ಲಿಂದ ಶುರುವಾಗಬೇಕು:

| ಸಮಯ | ಮೊದಲ ಕಲ್ಲು | ಎರಡನೇ ಕಲ್ಲು | ವ್ಯತ್ಯಾಸ |
|---|---|---|---|
| 1 | 248.1 | 253 | −4.9 |
| 2 | 233.4 | 233.1 | 0.3 |
| 3 | 208.9 | 203.4 | 5.5 |

ವ್ಯತ್ಯಾಸ ಪ್ರತಿ ಸೆಕೆಂಡಿಗೆ ಸರಿಯಾಗಿ 5.2ರಷ್ಟು ಏರುತ್ತಿದೆ. ಎರಡು ಕಲ್ಲನ್ನೂ ಗುರುತ್ವ ಒಂದೇ ರೀತಿ ಎಳೆಯುವುದರಿಂದ ವ್ಯತ್ಯಾಸದಲ್ಲಿ ವರ್ಗದ ಭಾಗ ಹೊಡೆದುಹೋಗಿದೆ. ಇಲ್ಲಿ ಚಿಕ್ಕ ಹೆಜ್ಜೆಯೇ ಬೇಡ. 4.9 ÷ 5.2 = 0.942, ಅಂದರೆ 1.942 ಸೆಕೆಂಡ್. ದೊಡ್ಡ ಹೆಜ್ಜೆಯ ಭಾಗಾಕಾರವೇ ಇಲ್ಲಿ ಪಕ್ಕಾ ಉತ್ತರ ಕೊಡುತ್ತದೆ. ಎರಡೂ ವಸ್ತುಗಳು ಗಾಳಿಯಲ್ಲಿ ಸ್ವತಂತ್ರವಾಗಿ ಬೀಳುತ್ತಿದ್ದರೆ ಅಥವಾ ಏರುತ್ತಿದ್ದರೆ ಯಾವಾಗಲೂ ಹೀಗೇ.

## ಗೂಗಲ್ ಶೀಟ್ಸ್‌ನಲ್ಲಿ

ಕೈಯಲ್ಲಿ ಒಮ್ಮೆ ಮಾಡಿದ ಮೇಲೆ ಶೀಟ್‌ಗೆ ಹೋಗುವುದು ಒಳ್ಳೆಯದು. ಕೋಶಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಎಕ್ಸೆಲ್‌ನಲ್ಲೂ ಇದೇ ನಡೆಯುತ್ತದೆ.

ಜಿ1ರಲ್ಲಿ ಶುರುವಿನ ಸಮಯ, ಜಿ2ರಲ್ಲಿ ಹೆಜ್ಜೆ ಬರೆಯಿರಿ. ಆಮೇಲೆ:

- ಎ2ರಲ್ಲಿ: =ಜಿ1
- ಎ3ರಲ್ಲಿ: =ಎ2+$ಜಿ$2, ಇದನ್ನು ಕೆಳಗೆ ಎಳೆಯಿರಿ
- ಬಿ2ರಲ್ಲಿ: =1.5+20*ಎ2-4.9*ಎ2^2
- ಸಿ2ರಲ್ಲಿ: =24-3*ಎ2
- ಡಿ2ರಲ್ಲಿ: =ಬಿ2-ಸಿ2
- ಇ3ರಲ್ಲಿ: =ಇಫ್(ಡಿ2*ಡಿ3<=0,"ದಾಟಿತು","")

ಬಿ, ಸಿ, ಡಿ, ಇ ಕಾಲಂಗಳನ್ನೂ ಹಾಗೆಯೇ ಕೆಳಗೆ ಎಳೆಯಿರಿ. ಎರಡು ಪಕ್ಕದ ವ್ಯತ್ಯಾಸಗಳ ಗುಣಲಬ್ಧ ಋಣ ಆದರೆ ಚಿಹ್ನೆ ಬದಲಾಗಿದೆ ಎಂದರ್ಥ. ಸೊನ್ನೆ ಆದರೆ ಆ ಸಾಲಿನಲ್ಲೇ ಸಮ ಆಗಿದೆ, ಆಗ ‘ದಾಟಿತು’ ಎಂದು ಎರಡು ಸಲ ಕಾಣಿಸಿಕೊಳ್ಳುತ್ತದೆ, ಗಾಬರಿಯಾಗಬೇಡಿ. ಜಿ1ಕ್ಕೆ 1.3, ಜಿ2ಕ್ಕೆ 0.01 ಕೊಟ್ಟರೆ ಅದೇ ಶೀಟ್ ಹತ್ತಿರದ ಕೋಷ್ಟಕ ಆಗುತ್ತದೆ.

ಬಿ ಮತ್ತು ಸಿ ಸಮವೇ ಎಂದು ಶೀಟ್‌ಗೆ ನೇರವಾಗಿ ಕೇಳಬೇಡಿ. ಕಂಪ್ಯೂಟರ್ 0.1ನ್ನು ಪೂರ್ತಿ ನಿಖರವಾಗಿ ಇಟ್ಟುಕೊಳ್ಳುವುದಿಲ್ಲ, ಮತ್ತೆ ಮತ್ತೆ ಕೂಡಿದಾಗ ಕೊನೆಯ ಅಂಕಿಗಳು ಅಲುಗಾಡುತ್ತವೆ. ಇನ್ನೊಂದು ಅಪಾಯ: ಫಾರ್ಮುಲಾವನ್ನು =-ಎ2^2 ಎಂದು ಋಣ ಚಿಹ್ನೆಯಿಂದ ಶುರು ಮಾಡಿದರೆ ಗೂಗಲ್ ಶೀಟ್ಸ್ ಮತ್ತು ಎಕ್ಸೆಲ್ ಮೊದಲು ಋಣ ಹಾಕಿ ಆಮೇಲೆ ವರ್ಗ ಮಾಡುತ್ತವೆ. ಉತ್ತರ ಧನ ಬರುತ್ತದೆ. ಕಾವಲಿಗೆ ಒಂದು ಆವರಣ ಹಾಕಿಬಿಡಿ: =-(ಎ2^2).

ಕಂಪ್ಯೂಟರ್ ಇಲ್ಲದಿದ್ದರೆ ಕ್ಯಾಸಿಯೊ ಎಫ್‌ಎಕ್ಸ್-991 ಸರಣಿಯ ಹಲವು ಕ್ಯಾಲ್ಕುಲೇಟರ್‌ಗಳಲ್ಲಿ ಟೇಬಲ್ ಮೋಡ್ ಇದೆ. ವ್ಯತ್ಯಾಸದ ಫಂಕ್ಷನ್ −22.5 + 23ಸ − 4.9ಸ² ಅನ್ನೇ ಹಾಕಿ, ಶುರು, ಕೊನೆ, ಹೆಜ್ಜೆ ಕೊಟ್ಟರೆ ಸಾಕು.

## ಫಂಕ್ಷನ್ ಗೊತ್ತಿಲ್ಲದಿದ್ದಾಗ

ನನಗೆ ಕೋಷ್ಟಕ ಹೆಚ್ಚು ಇಷ್ಟ ಆಗುವುದು ಈ ಕಾರಣಕ್ಕೆ. ಮೊಬೈಲ್‌ನಲ್ಲಿ ಚೆಂಡು ಮತ್ತು ಡ್ರೋನ್‌ನ ವಿಡಿಯೊ ತೆಗೆದಿದ್ದೀರಿ, ಸೂತ್ರ ಏನೂ ಗೊತ್ತಿಲ್ಲ ಅಂದುಕೊಳ್ಳಿ. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಮೂರು ಫ್ರೇಮಿಗೊಮ್ಮೆ ನಿಲ್ಲಿಸಿದರೆ 0.1 ಸೆಕೆಂಡಿನ ಹೆಜ್ಜೆ ತಾನಾಗೇ ಸಿಗುತ್ತದೆ. ಎತ್ತರ ಗೊತ್ತಿರುವ ಒಂದು ಕಂಬ ಚಿತ್ರದಲ್ಲಿರಲಿ, ಅದರ ಅಳತೆಯಿಂದ ಎರಡರ ಎತ್ತರವನ್ನೂ ಓದಿ. ಕಂಬ, ಚೆಂಡು, ಡ್ರೋನ್ ಮೂರೂ ಕ್ಯಾಮೆರಾದಿಂದ ಸುಮಾರು ಒಂದೇ ದೂರದಲ್ಲಿರಬೇಕು, ಇಲ್ಲದಿದ್ದರೆ ಹತ್ತಿರದ್ದು ಎತ್ತರವಾಗಿ ಕಾಣುತ್ತದೆ. ಮುಂದಿನದು ಮೊದಲಿನಂತೆಯೇ: ವ್ಯತ್ಯಾಸ, ಚಿಹ್ನೆ, ಭಾಗಾಕಾರ.

ಹೀಗೆ ಓದಿದ ಎತ್ತರದಲ್ಲಿ ತಪ್ಪು ಇದ್ದೇ ಇರುತ್ತದೆ. ವ್ಯತ್ಯಾಸದಲ್ಲಿ 20 ಸೆಂಟಿಮೀಟರ್ ಆಚೀಚೆ ಆಗಬಹುದು ಎನ್ನಿ. ಸಮಯದಲ್ಲಿ ಎಷ್ಟು ಆಚೀಚೆ? ದಾಟುವ ಹೊತ್ತಿಗೆ ವ್ಯತ್ಯಾಸ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ಕೋಷ್ಟಕದಿಂದಲೇ ತೆಗೆಯಿರಿ. ನಮ್ಮ ಮೊದಲ ಲೆಕ್ಕದಲ್ಲಿ 1.39ರ ಹತ್ತಿರ ಅದು ಸೆಕೆಂಡಿಗೆ ಸುಮಾರು 9.4 ಮೀಟರ್. 0.2 ÷ 9.4 ಅಂದರೆ 0.02 ಸೆಕೆಂಡ್. ಒಂದು ಫ್ರೇಮಿಗಿಂತಲೂ ಕಡಿಮೆ, ಹಾಗಾಗಿ ಉತ್ತರವನ್ನು ನಂಬಬಹುದು. ಡ್ರೋನ್ 28.4 ಮೀಟರ್‌ನಿಂದ ಇಳಿದ ಲೆಕ್ಕದಲ್ಲಿ ಆ ವೇಗ ಸೆಕೆಂಡಿಗೆ 1.3 ಮೀಟರ್ ಮಾತ್ರ. ಅಲ್ಲಿ ಚೆಂಡು ಡ್ರೋನ್‌ಗಿಂತ ಮೇಲೆ ಹೋದದ್ದೇ ಹೆಚ್ಚೆಂದರೆ 9 ಸೆಂಟಿಮೀಟರ್. ನಿಮ್ಮ ಅಳತೆಯೇ 20 ಸೆಂಟಿಮೀಟರ್ ತಪ್ಪಬಹುದಾದರೆ, ಎರಡರ ಎತ್ತರ ಸಮ ಆಯಿತೋ ಇಲ್ಲವೋ ಎಂದು ಆ ವಿಡಿಯೊದಿಂದ ಹೇಳಲಾಗುವುದಿಲ್ಲ. ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ಇಟ್ಟು, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಮತ್ತೊಮ್ಮೆ ತೆಗೆಯಬೇಕು.